ಗೋಲು ತಡೆದವರಿಗೆ ಪುಟ ಯಾಕೆ ಅಂದವರಿಗೆ

ಪತ್ರ: ಘಾನಾದ ಡಿಫೆಂಡರ್ ಸ್ಯಾಮ್ಯುಯೆಲ್ ಕುಫೋರ್ ಬಗ್ಗೆ ನಾಲ್ಕು ಪುಟ ಯಾಕೆ? 1999ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಸೋತು ನೆಲ ಗುದ್ದಿಕೊಂಡು ಅತ್ತವನು ಅಂತಷ್ಟೇ ನಮಗೆ ಗೊತ್ತು. ಆಫ್ರಿಕದವರ ಬಗ್ಗೆ ಬರೆಯುವುದಾದರೆ ಗೋಲು ಹೊಡೆದವರ ಬಗ್ಗೆ ಬರೆಯಿರಿ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜನ ಮೈದಾನಕ್ಕೆ ಬರುವುದು ಗೋಲು ನೋಡೋಕೆ. ಒಪ್ಪಿದೆ. ಜಾರ್ಜ್ ವೇ, ದ್ರೋಗ್ಬಾ ಬಗ್ಗೆ ನಾವೂ ಬೇಕಾದಷ್ಟು ಬರೆದಿದ್ದೇವೆ. ಆದರೆ ಫುಟ್‌ಬಾಲ್ ಬಲ್ಲ ನೀವೇ ‘ಅಷ್ಟೇ ಗೊತ್ತು’ ಅಂದುಬಿಟ್ಟರೆ ಹೇಗೆ ಸ್ವಾಮಿ?

ಬಾರ್ಸಿಲೋನಾದಲ್ಲಿ ನಡೆದ ಆ ಫೈನಲ್ ರಾತ್ರಿಯನ್ನೇ ನೋಡಿ. ಬಾಸ್ಲರ್ 6ನೇ ನಿಮಿಷದಲ್ಲಿ ಗೋಲು ಹೊಡೆದರು. ಕುಫೋರ್ ಆಡುತ್ತಿದ್ದ ಜರ್ಮನಿಯ ಬಯರ್ನ್ ಮ್ಯೂನಿಕ್ ಆ ಮುನ್ನಡೆಯನ್ನು 90ನೇ ನಿಮಿಷದವರೆಗೂ ಕಾಪಾಡಿಕೊಂಡಿತು. ಕಾಪಾಡಿದ್ದು ಯಾರು? ನಡುವೆ ಬಯರ್ನ್‌ನ ಷೋಲ್ ಹೊಡೆದ ಚೆಂಡು ಗೋಲು ಕಂಬಕ್ಕೆ ಬಡಿಯಿತು, ಯಾಂಕರ್ ಹೊಡೆದದ್ದು ಮೇಲಿನ ಪಟ್ಟಿಗೆ. ಎರಡರಲ್ಲಿ ಒಂದು ಒಳಗೆ ಹೋಗಿದ್ದರೂ ಕಥೆ ಮುಗಿಯುತ್ತಿತ್ತು. ಕೊನೆಗೆ ಬೆಕ್‌ಹ್ಯಾಮ್‌ನ ಎರಡು ಕಾರ್ನರ್, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಎರಡು ಗೋಲು. ನೆಲದ ಮೇಲಿದ್ದ ಕುಫೋರ್‌ರನ್ನು ಎಬ್ಬಿಸಲು ರೆಫ್ರಿ ಕೊಲಿನಾ ಬರಬೇಕಾಯಿತು. ಆ ಫೋಟೊ ಎಲ್ಲರೂ ಹಾಕುತ್ತಾರೆ. ಕಂಬಕ್ಕೆ ಹೊಡೆದವರ ಫೋಟೊ ಯಾರಾದರೂ ಹಾಕಿದ್ದು ನೋಡಿದ್ದೀರಾ?

ಅದೇ ಊರಿನಲ್ಲಿ, 1992ರ ಒಲಿಂಪಿಕ್ಸ್‌ನಲ್ಲಿ ಘಾನಾ ಕಂಚು ಗೆದ್ದಾಗ ತಂಡದಲ್ಲಿದ್ದ ಕುಮಾಸಿಯ ಈ ಹುಡುಗನಿಗೆ ಬರೀ 15 ವರ್ಷ. ಆಮೇಲೆ ಬಯರ್ನ್ ಜೊತೆ 6 ಜರ್ಮನ್ ಲೀಗ್ ಪ್ರಶಸ್ತಿ. ಅತ್ತು ಎರಡೇ ವರ್ಷಕ್ಕೆ, 2001ರಲ್ಲಿ, ವೆಲೆನ್ಸಿಯಾವನ್ನು ಸೋಲಿಸಿ ಚಾಂಪಿಯನ್ಸ್ ಲೀಗ್. ನಿಮಗೆ ಗೋಲೇ ಬೇಕು ಅಲ್ವಾ? ತಗೊಳ್ಳಿ: ಅದೇ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಅರ್ಜೆಂಟೀನಾದ ಬೊಕಾ ಜೂನಿಯರ್ಸ್ ವಿರುದ್ಧ, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳು ಆಡುವ ಇಂಟರ್‌ಕಾಂಟಿನೆಂಟಲ್ ಕಪ್. 1-0. ಹೆಚ್ಚುವರಿ ಸಮಯದಲ್ಲಿ ಆ ಒಂದು ಗೋಲು ಹೊಡೆದದ್ದು ಕುಫೋರ್!

ಆದರೂ ಆ ವರ್ಷದ ಆಫ್ರಿಕ ಫುಟ್‌ಬಾಲ್ ಒಕ್ಕೂಟದ ವರ್ಷದ ಆಟಗಾರ ಪ್ರಶಸ್ತಿ ಸೆನೆಗಲ್‌ನ ಫಾರ್ವರ್ಡ್ ಡಿಯುಫ್‌ಗೆ ಹೋಯಿತು. ಬಿಬಿಸಿಯ ಪ್ರಶಸ್ತಿ ಕುಫೋರ್‌ಗೆ ಸಿಕ್ಕಿತು ಅನ್ನುವುದೊಂದೇ ಸಮಾಧಾನ.

ಈಗಂತೂ ಕೇಳಲೇಬೇಡಿ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ನೋಡಿ ಪಂದ್ಯ ನೋಡಿದೆ ಅನ್ನುತ್ತಾರೆ. ಅದರಲ್ಲಿ ಗೋಲು ಬಿಟ್ಟು ಬೇರೇನೂ ಇರುವುದಿಲ್ಲ. ಸರಿಯಾದ ಜಾಗದಲ್ಲಿ ಸುಮ್ನೆ ನಿಂತು ಪಾಸ್ ದಾರಿ ಮುಚ್ಚಿದವನನ್ನು ಯಾವ ಕ್ಯಾಮೆರಾ ತೋರಿಸುತ್ತೆ? 2003-04ರಲ್ಲಿ ಆರ್ಸೆನಲ್ ಇಂಗ್ಲಿಷ್ ಲೀಗಿನ 38 ಪಂದ್ಯಗಳನ್ನೂ ಸೋಲದೆ ಮುಗಿಸಿತಲ್ಲ, ಆನ್ರಿಯ 30 ಗೋಲು ಎಲ್ಲರ ಬಾಯಲ್ಲೂ ಇದೆ. ತಂಡ ಬಿಟ್ಟುಕೊಟ್ಟದ್ದು 26 ಅನ್ನೋದನ್ನು ಯಾರೂ ಹೇಳಲ್ಲ. ಅಲ್ಲಿ ಡಿಫೆನ್ಸ್‌ನಲ್ಲಿ ಕ್ಯಾಂಪ್‌ಬೆಲ್ ಪಕ್ಕ ನಿಂತಿದ್ದವರು ಐವರಿ ಕೋಸ್ಟಿನ ಕೊಲೊ ತೂರೆ. ಮುಂದಿನ ತಿಂಗಳು ಅವರ ಸರದಿ. ಬೈಯುವುದಿದ್ದರೆ ಈಗಲೇ ಬರೆದಿಟ್ಟುಕೊಳ್ಳಿ.

– ಸಂಪಾದಕ