ಅಕ್ಷರ ಆಮೇಲೆ ಬರಲಿ, ಮೊದಲು ಬಾಯಿಬಿಟ್ಟು ಕೇಳಲಿ

ಮೇ ತಿಂಗಳು ಬಂತು ಅಂದರೆ ಕೊಡಗಿನ ಅಪ್ಪ-ಅಮ್ಮಂದಿರಿಗೆ ಎರಡು ಚಿಂತೆ. ಒಂದು ಮಳೆ, ಇನ್ನೊಂದು ಶಾಲೆ. ಎರಡೂ ಒಟ್ಟಿಗೇ ಶುರುವಾಗುತ್ತವೆ, ಅದೇ ಕಷ್ಟ. ನಾನು ಇಲ್ಲಿನ ಶಾಲೆಗಳಲ್ಲಿ 27 ವರ್ಷ ಪಾಠ ಮಾಡಿದವಳು, ಅದರಲ್ಲಿ ಹೆಚ್ಚಿನ ವರ್ಷ 1ನೇ ತರಗತಿಗೇ. ಈ ಸಲ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ನಮ್ಮ ಮನೆಯಲ್ಲಿ ಕೊಡವ ತಕ್ಕ್ ಬಿಟ್ಟು ಬೇರೆ ಮಾತಿಲ್ಲ. ಮಗಳು ಈ ವರ್ಷ 1ನೇ ತರಗತಿಗೆ ಪೇಟೆಯ ಶಾಲೆಗೆ ಹೋಗುತ್ತಾಳೆ. ಕನ್ನಡ ಕೇಳಿದರೆ ಸ್ವಲ್ಪ ಅರ್ಥ ಆಗುತ್ತೆ, ಮಾತಾಡಲ್ಲ. ಇನ್ನು ಮನೆಯಲ್ಲೂ ಕನ್ನಡ, ಇಂಗ್ಲಿಷೇ ಮಾತಾಡಿ ಅಂತ ನೆಂಟರು ಹೇಳುತ್ತಿದ್ದಾರೆ. ಏನು ಮಾಡಲಿ ಟೀಚರ್? (ತಾಯಿ, ನಾಪೋಕ್ಲು)

ಮನೆ ಮಾತು ಬಿಡಬೇಡಿ ಅಮ್ಮ. ಖಂಡಿತ ಬಿಡಬೇಡಿ. ನೀವು ದಿಢೀರ್ ಅಂತ ಭಾಷೆ ಬದಲಿಸಿದರೆ ಅವಳಿಗೆ ಶಾಲೆಯ ಜೊತೆ ಮನೆಯೂ ಹೊಸದಾಗಿಬಿಡುತ್ತದೆ. ಒಂದು ಭಾಷೆಯಲ್ಲಿ ಚೆನ್ನಾಗಿ ಕಥೆ ಹೇಳುವ, ಜಗಳ ಆಡುವ, ಲೆಕ್ಕ ಕೇಳುವ ಮಗು ಎರಡನೇ ಭಾಷೆಯನ್ನು ಬೇಗ ಹಿಡಿಯುತ್ತದೆ. ಇದನ್ನು ನಾನು ಕೊಡವ ಮಕ್ಕಳಲ್ಲಿ ಮಾತ್ರ ಅಲ್ಲ, ಅರೆಭಾಷೆ, ತುಳು, ಮಲಯಾಳ, ಎರವ ಮಾತಾಡುವ ಮಕ್ಕಳಲ್ಲೂ ನೋಡಿದ್ದೇನೆ. ನಮ್ಮ ಜಿಲ್ಲೆಯ ಒಂದು ತರಗತಿಯಲ್ಲಿ ನಾಲ್ಕೈದು ಮನೆ ಮಾತು ಇರುವುದು ಏನೂ ಹೊಸದಲ್ಲ.

ಆದರೆ ಒಂದು ತಯಾರಿ ಬೇಕು, ಅದನ್ನು ಹೆಚ್ಚಿನವರು ಮರೆಯುತ್ತಾರೆ. ತುಂಬಾ ವರ್ಷದ ಹಿಂದೆ ನನ್ನ ತರಗತಿಗೆ ಒಬ್ಬ ಹುಡುಗ ಬಂದಿದ್ದ. ಮನೆಯಲ್ಲಿ ಎರವ ಮಾತು. ದಿನಾ ಹನ್ನೊಂದು ಗಂಟೆ ಹೊತ್ತಿಗೆ ಅಳು ಶುರು. ಅಮ್ಮನ ನೆನಪು ಅಂತ ನಾನು ಅಂದುಕೊಂಡೆ, ಎತ್ತಿಕೊಂಡೆ, ಕಥೆ ಹೇಳಿದೆ, ಕಿಟಕಿ ಹತ್ತಿರ ಕೂರಿಸಿದೆ. ಒಂದು ವಾರ ಆದ ಮೇಲೆ 4ನೇ ತರಗತಿಯಲ್ಲಿದ್ದ ಅವನ ಅಕ್ಕ ಬಂದು, "ಟೀಚರ್, ಅವನಿಗೆ ಒಂದಕ್ಕೆ ಹೋಗ್ಬೇಕು, ಕೇಳೋಕೆ ಬರಲ್ಲ" ಅಂದಳು. ಒಂದು ವಾರ ಆ ಮಗು ತಡೆದುಕೊಂಡು ಕೂತಿತ್ತು! ಅವತ್ತಿನಿಂದ ಪ್ರತಿ ವರ್ಷ ಮೊದಲ ದಿನ ನಾನು ಮಾಡುತ್ತಿದ್ದ ಮೊದಲ ಕೆಲಸ, ಮಕ್ಕಳನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ ಟಾಯ್ಲೆಟ್ ತೋರಿಸುವುದು. ಅ ಆ ಇ ಈ ಎಲ್ಲ ಅದರ ನಂತರವೇ.

ಹಾಗಾಗಿ ನಿಮ್ಮ ಮಗಳಿಗೆ ಈಗ ಬೇಕಾಗಿರುವುದು ಪೂರ್ತಿ ಕನ್ನಡ ಅಲ್ಲ, ಎಂಟು-ಹತ್ತು ಮಾತು. ಮಿಸ್, ಟಾಯ್ಲೆಟ್‌ಗೆ ಹೋಗ್ಬೇಕು. ನೀರು ಬೇಕು. ಹೊಟ್ಟೆ ನೋಯ್ತಿದೆ. ಸಾಕ್ಸ್ ಒದ್ದೆ ಆಗಿದೆ. ಇವನು ಹೊಡೆದ. ನನಗೆ ಗೊತ್ತಾಗ್ಲಿಲ್ಲ. ಇದನ್ನು ಪಾಠದ ಹಾಗೆ ಬಾಯಿಪಾಠ ಮಾಡಿಸಬೇಡಿ, ಆಟ ಆಡಿಸಿ. ಒಂದು ಸಲ ನೀವು ಟೀಚರ್, ಇನ್ನೊಂದು ಸಲ ಅವಳೇ ಟೀಚರ್. ಅಜ್ಜನನ್ನೂ ಬೆಂಚಿನ ಮೇಲೆ ಕೂರಿಸಿ, ಅವರೂ ಕೈ ಎತ್ತಿ ಕೇಳಲಿ. ಪೇಟೆಗೆ ಹೋದಾಗ ಅಂಗಡಿಯಲ್ಲಿ ಅವಳೇ "ಅರ್ಧ ಕೆಜಿ ಸಕ್ಕರೆ ಕೊಡಿ" ಅಂತ ಕೇಳಲಿ. ಅವಳು ಸುಮ್ನೆ ನಿಂತರೆ ನೀವು ಬಾಯಿ ಹಾಕಬೇಡಿ, ಸ್ವಲ್ಪ ಕಾಯಿರಿ. ಗೊತ್ತಿಲ್ಲದ ದೊಡ್ಡವರ ಹತ್ತಿರ ಬಾಯಿಬಿಟ್ಟು ಕೇಳಿದೆ, ಅವರು ಕೊಟ್ಟರು ಅನ್ನುವ ಅನುಭವ ಇದೆಯಲ್ಲ, ಅದು ಮಗುವಿಗೆ ಎಷ್ಟು ಧೈರ್ಯ ಕೊಡುತ್ತದೆ ಅಂದರೆ ನಾನು ಹೇಳಿ ಮುಗಿಸಲಾರೆ.

ಶಾಲೆ ಶುರುವಾದ ಮೇಲೆ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಅವಳು ಅಲ್ಲಿ ಮಾತೇ ಆಡದೆ ಇರಬಹುದು. ಗಾಬರಿ ಬೇಡ. ಹೊಸ ಭಾಷೆಗೆ ಬಂದ ಮಕ್ಕಳು ಮೊದಲು ಕೇಳಿಸಿಕೊಳ್ಳುತ್ತಾರೆ, ಆಮೇಲೆ ಆಡುತ್ತಾರೆ. ಜೂನ್‌ನಿಂದ ತುಟಿ ಬಿಚ್ಚದ ಮಕ್ಕಳು ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಒಂದು ದಿನ ಇದ್ದಕ್ಕಿದ್ದಂತೆ ಇಡೀ ವಾಕ್ಯ ಹೇಳಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮನೆಯಲ್ಲೂ ಮಾತು ಕಡಿಮೆ, ಹಿಂದಿನಿಂದ ಹೆಸರು ಕರೆದರೆ ತಿರುಗಿ ನೋಡಲ್ಲ ಅಂತಿದ್ದರೆ ಅದು ಬೇರೆ ವಿಷಯ. ಆಗ ಕಿವಿ ಪರೀಕ್ಷೆ ಮಾಡಿಸಿ, ಕಾಯಬೇಡಿ.

ಗೇಟಿನ ಹತ್ತಿರ ಅತ್ತರೆ? ಒಂದು ಮುತ್ತು ಕೊಟ್ಟು, "ಊಟ ಆಗಿ, ಕೊನೆ ಬೆಲ್ ಹೊಡೆದ ಮೇಲೆ ಬರ್ತೀನಿ" ಅಂತ ನಿಜ ಹೇಳಿ ಹೊರಡಿ. "ಈಗ ಬಂದೆ" ಅಂತ ಸುಳ್ಳು ಹೇಳಿ ಕಣ್ಣು ತಪ್ಪಿಸಿ ಹೋದರೆ ಮರುದಿನ ಅವಳು ನಿಮ್ಮ ಸೆರಗು ಬಿಡಲ್ಲ. ಮನೆಯಲ್ಲಿ ಹಟ ಮಾಡಿದಾಗ "ಶಾಲೆಗೆ ಹೋಗು, ಟೀಚರ್ ಸರಿ ಮಾಡ್ತಾರೆ" ಅನ್ನುವ ಮಾತು ಇವತ್ತಿಗೇ ನಿಲ್ಲಲಿ, ದಯವಿಟ್ಟು. ಹೆದರಿಸಿ ಕಳಿಸಿದ ಮಗು ನಮ್ಮ ಹತ್ತಿರ ನೀರು ಕೂಡ ಕೇಳುವುದಿಲ್ಲ.

ನಾವು ಭಾಗಮಂಡಲ ಕಡೆಯವರು. ಬೆಳಿಗ್ಗೆ ಏಳೂವರೆಗೆ ವ್ಯಾನ್, ರಸ್ತೆವರೆಗೆ ಅರ್ಧ ಕಿಲೋಮೀಟರ್ ನಡಿಗೆ. ಹೋದ ವರ್ಷ ಜುಲೈ ಪೂರ್ತಿ ಮಗ ಒದ್ದೆಯಲ್ಲೇ ಕೂತು ಶೀತ, ಜ್ವರ. ಈ ಸಲ 2ನೇ ತರಗತಿ. ಏನು ಮಾಡಿದರೆ ಒಳ್ಳೆಯದು? (ತಂದೆ)

ನಿಮ್ಮ ಕಡೆಯ ಮಳೆ ನನಗೆ ಗೊತ್ತು ಸರ್. ಅಲ್ಲಿ ಕೊಡೆ ಬರೀ ಕೈಗೆ ಭಾರ, ಗಾಳಿಗೆ ತಿರುಗಿಬಿಡುತ್ತದೆ. ಬೆನ್ನಿನ ಬ್ಯಾಗೂ ಒಳಗೆ ಸೇರುವಷ್ಟು ದೊಡ್ಡ ರೈನ್‌ಕೋಟ್ ತನ್ನಿ. ತಂದ ಮೇಲೆ ಮೇ ತಿಂಗಳಲ್ಲೇ, ಒಣಗಿದ ದಿನದಲ್ಲೇ, ಅವನ ಕೈಯಿಂದಲೇ ಹತ್ತು ಸಲ ಹಾಕಿಸಿ, ಬಿಚ್ಚಿಸಿ, ಮಡಚಿಸಿ. ವರಾಂಡದಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ರೈನ್‌ಕೋಟ್ ಬಿಚ್ಚುವಾಗ ಟೀಚರ್‌ಗೆ ಇರುವುದು ಎರಡೇ ಕೈ. ಬಟನ್ ಬಿಚ್ಚಲು ಬಾರದ ಮಗು ಹಾಗೇ ನಿಂತಿರುತ್ತದೆ, ನೀರು ಒಳಗೆ ಇಳಿಯುತ್ತಾ ಇರುತ್ತದೆ. ಒಂದೇ ಬಣ್ಣದ ರೈನ್‌ಕೋಟ್ ಹತ್ತಾರು ಇರುತ್ತವೆ, ಒಳಗಡೆ ಹೆಸರು ಬರೆಯಿರಿ.

ಶೀತಕ್ಕೆ ಮಳೆಗಿಂತ ವೈರಸ್ ಕಾರಣ, ಬಾಗಿಲು ಕಿಟಕಿ ಮುಚ್ಚಿದ ತರಗತಿಯಲ್ಲಿ ಅದು ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ. ಊಟದ ಮುಂಚೆ ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ಮನೆಯಲ್ಲೇ ಆಗಲಿ. ಹಾಗಂತ ಒದ್ದೆಯಲ್ಲಿ ಕೂರುವುದು ಸಣ್ಣ ಕಷ್ಟ ಅಲ್ಲ. ಮಗು ನಡುಗುತ್ತಾ ಇದ್ದರೆ ಪಾಠ ತಲೆಗೆ ಹೋಗುವುದಾದರೂ ಹೇಗೆ? ಒಂದು ಜೊತೆ ಸಾಕ್ಸ್, ಒಂದು ಚಡ್ಡಿ, ಸಣ್ಣ ಟವೆಲ್ ಇಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನಲ್ಲಿಡಿ, ಒದ್ದೆಯಾದದ್ದನ್ನು ತರಲು ಇನ್ನೊಂದು ಖಾಲಿ ಕವರ್. ಮಳೆಗಾಲದಲ್ಲಿ ಶೂ ಬದಲು ಚಪ್ಪಲಿ ಹಾಕಬಹುದಾ ಅಂತ ಶಾಲೆಯಲ್ಲಿ ಕೇಳಿ, ಒಪ್ಪುವವರೇ ಜಾಸ್ತಿ. ಶೂನೇ ಬೇಕು ಅಂದರೆ ರಾತ್ರಿ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಬಚ್ಚಲು ಒಲೆಯ ಹತ್ತಿರ ಇಡಿ, ತೀರಾ ಹತ್ತಿರ ಬೇಡ. ಬೆರಳ ಸಂದು ಒರೆಸುವುದನ್ನು ಅವನಿಗೇ ಕಲಿಸಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಕೆರೆತ ಗ್ಯಾರಂಟಿ. ಜಿಗಣೆ ಕಚ್ಚಿದರೆ ಕಿರುಚಬೇಡ, ಟೀಚರ್‌ಗೆ ಹೇಳು ಅಂತ ಹೇಳಿಕೊಡಿ. ನಮ್ಮ ಮಕ್ಕಳಿಗೆ ಅದರ ಹೆದರಿಕೆ ಕಡಿಮೆ, ಹೊರಗಿನಿಂದ ಬಂದ ಮಕ್ಕಳಿಗೇ ಜಾಸ್ತಿ.

ಬ್ಯಾಗಿನ ತೂಕ ನೋಡಿ. 2019ರಲ್ಲಿ ರಾಜ್ಯ ಶಿಕ್ಷಣ ಇಲಾಖೆ ಹೊರಡಿಸಿದ ಆದೇಶದ ಪ್ರಕಾರ 1, 2ನೇ ತರಗತಿಗೆ ಬ್ಯಾಗ್ 2 ಕೆಜಿ ದಾಟಬಾರದು, 3ರಿಂದ 5ನೇ ತರಗತಿಗೆ 3 ಕೆಜಿ. ಒಂದು ಲೀಟರ್ ನೀರಿನ ಬಾಟಲಿಯೇ ಒಂದು ಕೆಜಿ ಆಯಿತು, ಅಲ್ವಾ? ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಅರ್ಧ ಲೀಟರಿನ ಬಾಟಲಿ ಸಾಕು.

ಮಳೆ ರಜೆ ಬಂದಾಗ ಇಡೀ ದಿನ ಟಿವಿ ಮುಂದೆ ಹೋಗದಿರಲಿ. ಕರೆಂಟು ಹೋದರೆ ದಿನಗಟ್ಟಲೆ ಬರಲ್ಲ, ಹಾಗಾಗಿ ಬೆಳಕಿರುವಾಗಲೇ ಅರ್ಧ ಗಂಟೆ ಓದು ಬರಹ ಮುಗಿಸಿಬಿಡಿ.

2018ರ ಆಗಸ್ಟ್‌ನಲ್ಲಿ ನಮ್ಮ ತೋಟದ ಒಂದು ಭಾಗ ಗುಡ್ಡದ ಜೊತೆ ಜಾರಿ ಹೋಯಿತು. ಮಗಳು ಹುಟ್ಟಿದ್ದೇ ಅದರ ನಂತರ. ಆದರೂ ಜೋರು ಮಳೆ ಬಂದರೆ ಅವಳು ಶಾಲೆಗೆ ಹೋಗಲ್ಲ ಅಂತ ಅಳುತ್ತಾಳೆ. ನನಗೂ ಅವಳನ್ನು ಕಳಿಸಲು ಮನಸ್ಸು ಬರಲ್ಲ. (ತಾಯಿ, ಮಕ್ಕಂದೂರು ಕಡೆ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ವರ್ಷ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಕಡೆಯವರು ಏನು ಅನುಭವಿಸಿದರು ಅಂತ ಗೊತ್ತಿರುವ ಯಾರೂ ನಿಮ್ಮ ಹೆದರಿಕೆಯನ್ನು ಸುಮ್ನೆ ಅನ್ನಲ್ಲ. ಆದರೆ ಮಗಳು ಆ ಗುಡ್ಡ ಕುಸಿದದ್ದನ್ನು ಕಂಡಿಲ್ಲ. ಅವಳು ಕಂಡಿರುವುದು ಮಳೆ ಬಂದಾಗ ನಿಮ್ಮ ಮುಖ. ರಾತ್ರಿ ನೀವು ಎದ್ದು ಕೂರುವುದು, ಮತ್ತೆ ಮತ್ತೆ ಫೋನ್ ನೋಡುವುದು, ಹಳೇ ವಿಡಿಯೊಗಳು. ಮಕ್ಕಳು ಅದನ್ನೆಲ್ಲ ಗಮನಿಸುತ್ತಾರೆ ಅಮ್ಮ.

"ಏನೂ ಆಗಲ್ಲ ಬಿಡು" ಅನ್ನಬೇಡಿ, ನಿಮ್ಮ ದನಿಯಲ್ಲೇ ಅದು ನಿಜ ಅಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಬದಲಿಗೆ ಏನು ಮಾಡುತ್ತೇವೆ ಅಂತ ಹೇಳಿ. ಮಳೆ ಜಾಸ್ತಿ ಆದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಶಾಲೆಯಲ್ಲಿ ಇರುವಾಗಲೇ ಜೋರಾದರೆ ನೀನು ಟೀಚರ್ ಜೊತೆ ಒಳಗೇ ಇರಬೇಕು. ಅಪ್ಪ ಬರ್ತಾರೆ, ಅಪ್ಪನಿಗೆ ಆಗದಿದ್ದರೆ ಮಾವ, ಬೇರೆ ಯಾರ ಜೊತೆಗೂ ಹೋಗಬಾರದು. ಆ ಹೆಸರುಗಳನ್ನು ಈಗಲೇ ಕ್ಲಾಸ್ ಟೀಚರ್‌ಗೆ ಬರೆದು ಕೊಡಿ. ಅಪ್ಪನದೋ ಅಮ್ಮನದೋ ಒಂದು ಫೋನ್ ನಂಬರ್ ಮಗಳಿಗೆ ಬಾಯಿಗೆ ಬರಲಿ. ಹತ್ತು ಅಂಕಿಯನ್ನು ರಾಗವಾಗಿ ಹಾಡಿಸಿದರೆ ಆರು ವರ್ಷದ ಮಗು ಮೂರು ದಿನದಲ್ಲಿ ಕಲಿಯುತ್ತದೆ. ಬ್ಯಾಗಿನೊಳಗೂ ಒಂದು ಚೀಟಿ ಇರಲಿ. ಜಿಲ್ಲೆಯ ತುರ್ತು ಸಹಾಯದ ನಂಬರ್ 1077 ನಿಮ್ಮ ಫೋನಿನಲ್ಲಿ ಇರಲಿ.

ನಿಮ್ಮ ಮಗಳು ಹೆದರುತ್ತಾಳೆ ಅಂತ ಟೀಚರ್‌ಗೆ ಮೊದಲೇ ಹೇಳುವುದು ನಾಚಿಕೆ ವಿಷಯ ಅಲ್ಲ. ಗೊತ್ತಿದ್ದರೆ ಅವರು ಶೀಟಿನ ಮೇಲೆ ಮಳೆ ಸದ್ದು ಮಾಡುವಾಗ ಅವಳನ್ನು ಹತ್ತಿರ ಕೂರಿಸಿಕೊಳ್ಳುತ್ತಾರೆ, ಒಂದು ಹಾಡು ಶುರು ಮಾಡುತ್ತಾರೆ. ಇನ್ನು ನಿಮ್ಮ ನಿದ್ದೆಗೆಟ್ಟ ರಾತ್ರಿಗಳು. ಇಷ್ಟು ವರ್ಷ ಆದರೂ ಅವು ಹೋಗಿಲ್ಲ ಅಂದರೆ ನೀವೂ ಯಾರ ಹತ್ತಿರವಾದರೂ ಮಾತಾಡಬೇಕು. ಟೆಲಿ-ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಸಮಾಧಾನ ಆದರೆ ಅರ್ಧ ಹೆದರಿಕೆ ಮಗಳಿಂದಲೂ ಹೋಗುತ್ತದೆ.

ಪಕ್ಕದ ಮನೆ ಮಗು 1ನೇ ತರಗತಿಗೆ ಮುಂಚೆಯೇ ಕಾಗುಣಿತ ಬರೆಯುತ್ತದೆ. ನಮ್ಮವನಿಗೆ ಪೆನ್ಸಿಲ್ ಹಿಡಿಯುವುದೇ ಬೇಸರ. ಮೇ ತಿಂಗಳು ಟ್ಯೂಷನ್‌ಗೆ ಹಾಕಲಾ? (ತಾಯಿ, ಸೋಮವಾರಪೇಟೆ)

ಬೇಡ. ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಕಾರ್ಡು, ಹಾಡು, ಗುಂಪು ಕೆಲಸ, ಪ್ರತಿ ಮಗು ಅದರದೇ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮುಂಚೆಯೇ ಬರೆಯಲು ಬಂದ ಮಗುವಿಗೂ ನಿಮ್ಮ ಮಗುವಿಗೂ ಇರುವ ಅಂತರ 3ನೇ ತರಗತಿ ಹೊತ್ತಿಗೆ ಹೆಚ್ಚಾಗಿ ಕಾಣುವುದೇ ಇಲ್ಲ.

ಪೆನ್ಸಿಲ್ ಬೇಸರ ಅಂದರೆ ಬೆರಳಿಗೆ ಇನ್ನೂ ಬಲ ಬಂದಿಲ್ಲ ಅಂತ ಇರಬಹುದು. ಒಟ್ಟಿ, ಅಂದರೆ ಅಕ್ಕಿ ರೊಟ್ಟಿಯ ಹಿಟ್ಟು ನಾದಲಿ. ಒಣ ಕಾಳುಮೆಣಸು, ಕಾಫಿ ಬೀಜ ಬೆರೆಸಿ ಕೊಡಿ, ಎರಡನ್ನೂ ಬೇರೆ ಮಾಡಲಿ. ಇದು ಹಲಸಿನ ಕಾಲ, ಬೀಜ ಎಣಿಸಿ ಹತ್ತು ಹತ್ತರ ಗುಡ್ಡೆ ಮಾಡಿದರೆ ಅದೇ ಲೆಕ್ಕ. ಟಿಫಿನ್ ಡಬ್ಬದ ಮುಚ್ಚಳ ತೆಗೆಯಲು ಬರುತ್ತದಾ ನೋಡಿ. ಬಾರದಿದ್ದರೆ ಡಬ್ಬ ಬದಲಿಸಿ, ಮಗುವನ್ನು ಬೈಯಬೇಡಿ. ರಾತ್ರಿ ಒಂದು ಕಥೆ ಓದಿ ಹೇಳಿ, ಬೆರಳು ಅಕ್ಷರದ ಕೆಳಗೆ ಓಡಲಿ. ಶಾಲೆ ತೆರೆಯುವ ಎರಡು ವಾರ ಮುಂಚೆಯಿಂದ ಮಲಗುವ ಹೊತ್ತನ್ನು ದಿನಕ್ಕೆ ಹತ್ತು ನಿಮಿಷ ಹಿಂದೆ ತನ್ನಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಆರು ಗಂಟೆಗೆ ಏಳಬೇಕಾದರೆ ಒಂಬತ್ತಕ್ಕಾದರೂ ಮಲಗಬೇಕು. 5-6 ವರ್ಷಕ್ಕೆ ಹಾಕಿಸುವ ಡಿಪಿಟಿ ಬೂಸ್ಟರ್ ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ, ತುಂಬಾ ಜನ ಅದನ್ನು ಮರೆತಿರುತ್ತಾರೆ.

ನಾನು ಸಿದ್ದಾಪುರ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಲೆಕ್ಕಪತ್ರ ನೋಡುವವನು. ಕೆಲಸಗಾರರ ಲೈನ್‌ಮನೆಗೆ ಅಸ್ಸಾಂನಿಂದ ಬಂದ ಕುಟುಂಬದಲ್ಲಿ ಏಳು ವರ್ಷದ ಹುಡುಗಿ ಇದ್ದಾಳೆ. ಜನನ ಪ್ರಮಾಣ ಪತ್ರ ಇಲ್ಲ, ಟಿಸಿ ಇಲ್ಲ. ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳಲೇಬೇಕು. ನೀವು ಕೇಳಿದ್ದಕ್ಕೆ ತುಂಬಾ ಸಂತೋಷ ಸರ್. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ. ಟಿಸಿ ತಡ ಆಯಿತು ಅನ್ನುವುದೂ ಕಾರಣ ಆಗಲ್ಲ. ವರ್ಷದ ಮಧ್ಯದಲ್ಲಿ ಬಂದರೂ ಸೇರಿಸಿಕೊಳ್ಳಬೇಕು. ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲ ಅಲ್ಲಿ ಸಿಗುತ್ತದೆ. ನಿಮ್ಮ ಕಡೆ ಬೆಳಿಗ್ಗೆ ರಸ್ತೆಯಲ್ಲಿ ಆನೆ ಇರುತ್ತದೆ, ಆದ್ದರಿಂದ ಅವಳನ್ನು ಒಬ್ಬಳೇ ನಡೆಸಬೇಡಿ, ಲೈನ್‌ಮನೆಯ ಬೇರೆ ಮಕ್ಕಳ ಜೊತೆ, ಒಬ್ಬರು ದೊಡ್ಡವರು ಇರುವ ಹಾಗೆ ಕಳಿಸಿ.

ಅಪ್ಪ-ಅಮ್ಮನಿಗೆ ಕನ್ನಡ ಬರದಿದ್ದರೆ ಮೊದಲ ದಿನ ನೀವೂ ಹೋಗಿ. ಮೇಲೆ ನಾಪೋಕ್ಲಿನ ತಾಯಿಗೆ ಹೇಳಿದ ಎಂಟು-ಹತ್ತು ಮಾತನ್ನು ಈ ಹುಡುಗಿಗೂ ಕಲಿಸಿ, ಅದೇ ಮಾತಿಗೆ ಅವರ ಭಾಷೆಯಲ್ಲಿ ಏನು ಅನ್ನುತ್ತಾರೆ ಅಂತ ಕೇಳಿ ಒಂದು ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದು ಟೀಚರ್ ಕೈಗೆ ಕೊಡಿ. ನೀರು, ಹೊಟ್ಟೆನೋವು, ಟಾಯ್ಲೆಟ್, ಅಮ್ಮ. ಮನೆಯಲ್ಲಿ ಅವಳನ್ನು ಏನಂತ ಕರೆಯುತ್ತಾರೋ ಆ ಹೆಸರನ್ನೂ ಬರೆಯಿರಿ.