‘ಹೋಗು, ನನಗೆ ಮಾತ್ರ ಹೇಳ್ಬೇಡ’ ಅಂದ್ರಲ್ಲ ಮೇಡಂ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬಂದ ಕೊಲಂಬಿಯಾದ ಕಾಫಿ ಬೆಟ್ಟಗಳ ಲೇಖನವನ್ನು ಮಗಳಿಗೆ ಕಳಿಸಿದ್ದೇ ತಪ್ಪಾಯಿತು. ಅವಳಿಗೆ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 26. ಈಗ ಇಬ್ಬರು ಗೆಳತಿಯರ ಜೊತೆ ಕ್ರಿಸ್‌ಮಸ್ ರಜೆಗೆ ಅಲ್ಲಿಗೇ ಹೊರಟಿದ್ದಾಳೆ. ಕೊಲೆ, ಅಪಹರಣ, ಕೊಕೇನ್ ಅಂದರೆ ನೆನಪಾಗುವ ದೇಶ ಅದು. ಅಂಥ ಕಡೆ ಹೋಗಬೇಡಿ ಎಂದು ನೀವು ಒಂದು ಸಾಲಾದರೂ ಬರೆಯಬೇಕಿತ್ತು. ಬೇಡ ಅಂದರೆ ಅವಳು ಕೇಳುತ್ತಿಲ್ಲ. ‘ಹೋಗೋದಾದ್ರೆ ಹೋಗು, ನನಗೆ ಮಾತ್ರ ಹೇಳ್ಬೇಡ’ ಅಂದು ಫೋನ್ ಇಟ್ಟುಬಿಟ್ಟೆ.
– ನಿವೃತ್ತ ಶಿಕ್ಷಕಿ, ದಾವಣಗೆರೆ

ಮೇಡಂ,

ನಿಮ್ಮ ಪತ್ರ ಬಂದು ನಾಲ್ಕು ದಿನ ಆಯಿತು. ಇಷ್ಟು ದಿನ ಅದು ನನ್ನ ಮೇಜಿನ ಮೇಲೇ ಇತ್ತು. ಕೊಲಂಬಿಯಾದ ಬಗ್ಗೆ ನೀವು ಬರೆದಿದ್ದಕ್ಕೆ ಉತ್ತರ ಕೊಡುವುದು ಸುಲಭ. ಕೊನೆಯ ಸಾಲು ಮಾತ್ರ ನನ್ನನ್ನು ಬಿಡಲಿಲ್ಲ.

ಮೊದಲು ನಿಮ್ಮ ಹೆದರಿಕೆಯ ಮಾತು. ಅದು ಸುಳ್ಳಲ್ಲ. 2023ರ ನವೆಂಬರ್, ಡಿಸೆಂಬರ್ ಎರಡೇ ತಿಂಗಳಲ್ಲಿ ಕೊಲಂಬಿಯಾದ ಮೆಡೆಯಿನ್ ನಗರದಲ್ಲಿ ಎಂಟು ಮಂದಿ ಅಮೆರಿಕನ್ನರು ಅನುಮಾನ ಬರುವ ರೀತಿಯಲ್ಲಿ ಸತ್ತರು. ಅಲ್ಲಿನ ಅಮೆರಿಕ ರಾಯಭಾರ ಕಚೇರಿ 2024ರ ಜನವರಿಯಲ್ಲಿ ಎಚ್ಚರಿಕೆ ಹೊರಡಿಸಿತು. ಅವರಲ್ಲಿ ಹಲವರ ವಿಷಯದಲ್ಲಿ ಡೇಟಿಂಗ್ ಆ್ಯಪ್‌ನ ಪರಿಚಯ, ಅಮಲು ಬರಿಸುವ ಔಷಧ, ದರೋಡೆಯ ಶಂಕೆ ಇತ್ತು. ದೇಶದ ಕೆಲವು ಭಾಗಗಳಿಗೆ, ಉದಾಹರಣೆಗೆ ಅರೌಕಾ ಪ್ರಾಂತ್ಯಕ್ಕೆ, ವೆನೆಜುವೆಲಾದ ಗಡಿಯ ಹತ್ತಿರಕ್ಕೆ, ಕಾಲಿಡಲೇಬೇಡಿ ಎಂದು ಅಮೆರಿಕ ತನ್ನ ಜನಕ್ಕೆ ಹೇಳುತ್ತದೆ. ಇದನ್ನು ನಮ್ಮ ಲೇಖನದ ಪಕ್ಕ ಒಂದು ಚೌಕ ಹಾಕಿ ಕೊಡಬೇಕಿತ್ತು. ಅಷ್ಟು ಮಟ್ಟಿಗೆ ತಪ್ಪು ನಮ್ಮದೇ.

ಆದರೆ ಮೇಡಂ, ನಿಮ್ಮ ಕಣ್ಣ ಮುಂದೆ ಇರುವುದು 1991ರ ಮೆಡೆಯಿನ್. ಆ ವರ್ಷ ಅಲ್ಲಿ ಲಕ್ಷ ಜನರಿಗೆ ಸುಮಾರು 380 ಕೊಲೆ ಆಗಿದ್ದವು. ಈಗ ಆಗುವುದು ಅದರ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಆಗ ಪೊಲೀಸರೇ ಹೋಗಲು ಹೆದರುತ್ತಿದ್ದ ಗುಡ್ಡದ ಬಡಾವಣೆಗಳಿಗೆ 2004ರಿಂದ ಕೇಬಲ್ ಕಾರು ಬಂತು. ಕೋಮುನಾ 13 ಎಂಬ ಬಡಾವಣೆಯಲ್ಲಿ 2011ರಲ್ಲಿ ಬಯಲಿನಲ್ಲೇ ಎಸ್ಕಲೇಟರ್ ಹಾಕಿದರು. ಮಂಡಿ ನೋವಿನ ಅಜ್ಜಿಯರು ತರಕಾರಿ ಚೀಲ ಹಿಡಿದು ಅದರಲ್ಲಿ ಮನೆಗೆ ಹೋಗುತ್ತಾರೆ. ಒಂದು ಊರಿನ ಮೇಲೆ ಒಮ್ಮೆ ಬಿದ್ದ ಹೆಸರನ್ನು ನಾವು ದೂರದಲ್ಲಿ ಕೂತು ಮೂವತ್ತು ವರ್ಷ ಹೇಳುತ್ತಲೇ ಇದ್ದರೆ ಅದು ಅನ್ಯಾಯ, ಅಲ್ವಾ?

ಇನ್ನು ನನ್ನನ್ನು ಕಾಡಿದ ಆ ಸಾಲು.

ನಮ್ಮ ಬೀದಿಯ ಹುಡುಗನೊಬ್ಬ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಒಂದು ವರ್ಷ ರಜೆಗೆ ಒಬ್ಬನೇ ಮೆಡೆಯಿನ್‌ಗೆ ಹೋದ. ಮನೆಯಲ್ಲಿ ಹೇಳಿದ್ದು ಫ್ಲೋರಿಡಾ ಅಂತ. ನಿಜ ಹೇಳಿದರೆ ಅಮ್ಮ ಊಟ ಬಿಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಎರಡನೇ ರಾತ್ರಿ ಒಂದು ಬಾರ್‌ನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಇಬ್ಬರ ಪರಿಚಯ ಆಯಿತು. ಒಂದು ಗ್ಲಾಸು ತಂದುಕೊಟ್ಟರು. ಆಮೇಲೆ ಅವನಿಗೆ ನೆನಪಿರುವುದು ಮರುದಿನ ಮಧ್ಯಾಹ್ನದ ಬಿಸಿಲು, ಪಾರ್ಕಿನ ಒಂದು ಕಲ್ಲು ಬೆಂಚು. ಫೋನಿಲ್ಲ, ಪರ್ಸಿಲ್ಲ. ಕಾರ್ಡಿನ ಪಿನ್ ನಂಬರನ್ನು ತಾನೇ ಹೇಳಿದ್ದನಂತೆ. ಹೇಳಿದ್ದು ನೆನಪೇ ಇಲ್ಲ.

ಎರಡು ದಿನ ಅವನು ಎಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಇಲ್ಲಿಂದ ಫ್ಲೋರಿಡಾದ ಪರಿಚಯಸ್ಥರಿಗೆಲ್ಲ ಫೋನ್ ಮಾಡಿಸುತ್ತಿದ್ದರು. ಹುಡುಕುತ್ತಿದ್ದ ದೇಶವೇ ಬೇರೆ! ಅವನು ಸತ್ತಿದ್ದರೂ ಮೊದಲ ವಾರ ಫ್ಲೋರಿಡಾದಲ್ಲೇ ಹುಡುಕುತ್ತಿದ್ದರು. ನಾಚಿಕೆಯಿಂದ ಅವನು ಪೊಲೀಸರ ಹತ್ತಿರ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕೂತು ಇದನ್ನು ಹೇಳಿದ. ಕಾಫಿ ಲೋಟವನ್ನು ತಿರುಗಿಸುತ್ತಲೇ ಇದ್ದ, ಕುಡಿಯಲಿಲ್ಲ. ‘ಕೊಟ್ಟಿದ್ದನ್ನ ಬೇಡ ಅಂದ್ರೆ ಏನಂದ್ಕೊತಾರೋ ಅಂತ ತಗೊಂಡೆ ಅಂಕಲ್’ ಅಂದ.

ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾವೇ ಕಲಿಸಿದ್ದಲ್ಲವಾ ಅದು? ಯಾರಾದರೂ ಕೊಟ್ಟರೆ ಬೇಡ ಅನ್ನಬಾರದು, ಎದುರು ಮಾತಾಡಬಾರದು, ಜನರ ಮುಂದೆ ಎದ್ದು ಹೋಗಬಾರದು. ಬೇಡ ಎಂದು ಹೇಳಲು ಬಾಯಿ ಬಾರದ ಮಗುವನ್ನು ಒಳ್ಳೆಯ ಮಗು ಅಂದೆವು.

ಅವನ ಗ್ಲಾಸಿನಲ್ಲಿದ್ದದ್ದು ಸ್ಕೋಪೊಲಮಿನ್ ಇರಬೇಕು. ಅಲ್ಲಿ ಅದನ್ನು ಬುರುಂಡಾಂಗಾ ಅನ್ನುತ್ತಾರೆ. ಬೊರಾಚೆರೊ ಎಂಬ ಗಿಡದಲ್ಲಿ ಅದು ಇದೆ. ತಲೆ ಕೆಳಗಾಗಿ ತೂಗುವ ದೊಡ್ಡ ಕಹಳೆಯಂಥ ಹೂವಿನ ಗಿಡ, ಊಟಿ ಕಡೆ ಮನೆಗಳ ಮುಂದೆ ನೀವೂ ನೋಡಿರುತ್ತೀರಿ. ನಮ್ಮ ತಿಪ್ಪೆ ಪಕ್ಕದ ಉಮ್ಮತ್ತಿಯ ಸಂಬಂಧಿ ಅದು, ಆ ವಿಷ ಉಮ್ಮತ್ತಿಯಲ್ಲೂ ಇದೆ. ಅದು ಮೈಗೆ ಸೇರಿದವರು ಹೇಳಿದ್ದು ಕೇಳುತ್ತಾರೆ, ಆಮೇಲೆ ಏನೂ ನೆನಪಿರುವುದಿಲ್ಲ. ಪ್ರಮಾಣ ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ಅಪರಿಚಿತರು ಕೊಟ್ಟ ತಿಂಡಿ ತಿನ್ನಬೇಡಿ ಎಂದು ನಮ್ಮ ರೈಲು ನಿಲ್ದಾಣಗಳಲ್ಲಿ ಸುಮ್ನೆ ಹೇಳುತ್ತಾರಾ? ಇದು ಕೊಲಂಬಿಯಾದವರಷ್ಟೇ ಕಂಡುಹಿಡಿದ ವಿದ್ಯೆ ಅಲ್ಲ. ಮಗಳಿಗೆ ಹೇಳಬೇಕಾದದ್ದು ಇಷ್ಟೇ: ಗ್ಲಾಸು ತಾನೇ ಕೇಳಿ ತೆಗೆದುಕೊಳ್ಳಲಿ, ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಅದೇ ಗ್ಲಾಸು ಮುಟ್ಟದಿರಲಿ, ಮೂವರಲ್ಲಿ ಒಬ್ಬಳಾದರೂ ಏನೂ ಕುಡಿಯದೆ ಇರಲಿ.

ನಮ್ಮ ಹುಡುಗ ಪಾಸ್‌ಪೋರ್ಟನ್ನು ಹೋಟೆಲಿನಲ್ಲೇ ಬಿಟ್ಟಿದ್ದ. ಅದೊಂದು ಪುಣ್ಯ. ಅಮೆರಿಕದವರ ಪಾಸ್‌ಪೋರ್ಟ್ ಕಳೆದರೆ ಅವರ ರಾಯಭಾರ ಕಚೇರಿ ತುರ್ತು ಪಾಸ್‌ಪೋರ್ಟ್ ಕೊಡುತ್ತದೆ, ಅವರು ಮನೆಗೆ ಹೋಗುತ್ತಾರೆ. ನಮ್ಮ ಮಕ್ಕಳ ಕಥೆ ಬೇರೆ. ಅಮೆರಿಕದ ವೀಸಾ ಅಂಟಿರುವುದು ಆ ಪಾಸ್‌ಪೋರ್ಟಿನ ಒಳಗೇ. ಆ ವೀಸಾ ಇರುವುದರಿಂದಲೇ ಕೊಲಂಬಿಯಾ ಅವರನ್ನು ಬೇರೆ ವೀಸಾ ಕೇಳದೆ ಒಳಗೆ ಬಿಡುವುದು. ಪಾಸ್‌ಪೋರ್ಟ್ ಹೋದರೆ ಎರಡೂ ಹೋಯಿತು. ಅಲ್ಲಿನ ರಾಜಧಾನಿ ಬೊಗೊಟಾದಲ್ಲಿರುವ ನಮ್ಮ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟರೂ ಅದರಲ್ಲಿ ಬರಬಹುದಾದದ್ದು ಭಾರತಕ್ಕೆ ಮಾತ್ರ. ಡಲ್ಲಾಸ್‌ಗೆ ಮರಳಲು ಹೊಸ ಪಾಸ್‌ಪೋರ್ಟ್ ಬೇಕು, ಮತ್ತೆ ವೀಸಾ ಬೇಕು. ಅಷ್ಟರಲ್ಲಿ ಕೆಲಸ ಉಳಿದಿರುತ್ತದೋ ಇಲ್ಲವೋ. ಇದನ್ನು ಅಮೆರಿಕದ ಗೆಳೆಯರು ನಮ್ಮ ಮಕ್ಕಳಿಗೆ ಹೇಳುವುದಿಲ್ಲ, ಅವರಿಗೆ ಅದರ ಬಿಸಿ ತಟ್ಟಿರುವುದಿಲ್ಲ. ಜೇಬಿನಲ್ಲಿ ಜೆರಾಕ್ಸ್ ಇರಲಿ, ಮೂಲ ಪ್ರತಿ ಹೋಟೆಲಿನ ಲಾಕರ್‌ನಲ್ಲಿರಲಿ.

ಇನ್ನೊಬ್ಬಳ ಕಥೆ ಹೇಳುತ್ತೇನೆ. ನನ್ನ ಸ್ನೇಹಿತರ ಮಗಳು, ಓದುತ್ತಿದ್ದಾಗ ಬೊಗೊಟಾಗೆ ಹೋಗಿದ್ದಳು. ಉಳಿದುಕೊಂಡಿದ್ದು ಲಾ ಕಾಂದೆಲಾರಿಯಾ ಎಂಬ ಹಳೇ ಪೇಟೆಯ ಒಂದು ಹಾಸ್ಟೆಲಿನಲ್ಲಿ. ಮೊದಲ ಬೆಳಿಗ್ಗೆ ಫೋನಿನಲ್ಲಿ ಮ್ಯಾಪ್ ನೋಡುತ್ತಾ ಬಾಗಿಲು ದಾಟುವಾಗ ಅಲ್ಲಿನ ಹೆಂಗಸು ‘ಪಪಾಯಾ, ಪಪಾಯಾ’ ಎಂದು ಕೂಗಿದರಂತೆ. ಹಣ್ಣು ಕೊಡಲು ಕರೆದರು ಎಂದುಕೊಂಡು ಇವಳು ನಕ್ಕು, ಬೇಡ ಎಂದು ಕೈ ಆಡಿಸಿದಳು. ಆಕೆ ಹತ್ತಿರ ಬಂದು ಫೋನಿನ ಮೇಲೆ ಬೆರಳಿನಿಂದ ಕುಟ್ಟಿ ತೋರಿಸಿದರು. ಇವಳ ಕೈಯನ್ನೇ ಹಿಡಿದು ಫೋನನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಸಿ, ಜಿಪ್ಪನ್ನು ಗಂಟಲವರೆಗೆ ಎಳೆದರು. ಶಾಲೆಗೆ ಹೊರಟ ಮಗುವಿಗೆ ಅಮ್ಮ ಗುಂಡಿ ಹಾಕುವ ಹಾಗೆ.

‘ನೋ ದಾರ್ ಪಪಾಯಾ’ ಎನ್ನುವುದು ಕೊಲಂಬಿಯಾದ ಮನೆಮನೆಯ ಮಾತು. ಪರಂಗಿ ಹಣ್ಣು ಕೊಡಬೇಡ ಅಂತ. ಕಳ್ಳನ ಕೈಗೆ ನೀನಾಗಿ ಅವಕಾಶ ಕೊಡಬೇಡ ಎಂಬ ಅರ್ಥ. ಅದರ ಇನ್ನೊಂದು ತುಂಡೂ ಇದೆ: ಇಟ್ಟ ಪರಂಗಿ, ಕತ್ತರಿಸಿದ ಪರಂಗಿ. ಕಣ್ಣೆದುರು ಇಟ್ಟರೆ ಯಾರಾದರೂ ಕತ್ತರಿಸಿಕೊಂಡೇ ಬಿಡುತ್ತಾರೆ ಅಂತ. ನಿಮ್ಮ ಮಗಳ ಬಗ್ಗೆ ನಿಮಗಿರುವ ಕಾಳಜಿಯೇ ಆ ಹೆಂಗಸಿಗೂ ಇತ್ತು ಮೇಡಂ. ಅವರು ಹೊರಗೆ ಹೋಗಬೇಡ ಅನ್ನಲಿಲ್ಲ. ಜಿಪ್ಪು ಎಳೆದು ಕಳಿಸಿದರು.

ಬೀದಿಯಲ್ಲಿ ಟ್ಯಾಕ್ಸಿಗೆ ಕೈ ಅಡ್ಡ ಹಾಕಬೇಡ, ಆ್ಯಪ್‌ನಲ್ಲಿ ಕರೆಸು ಅಥವಾ ನಾನೇ ಕರೆಸಿಕೊಡುತ್ತೇನೆ ಎಂದು ಹೇಳಿದ್ದೂ ಅವರೇ. ಬೊಗೊಟಾದಲ್ಲಿ ‘ಕೋಟ್ಯಧಿಪತಿಯ ಸವಾರಿ’ ಎಂಬ ದರೋಡೆ ಇದೆ. ಟ್ಯಾಕ್ಸಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಇಬ್ಬರು ಹತ್ತುತ್ತಾರೆ, ಎಟಿಎಂನಿಂದ ಎಟಿಎಂಗೆ ಸುತ್ತಿಸುತ್ತಾರೆ. ಕೆಲವು ಸಲ ನಡುರಾತ್ರಿ ದಾಟುವವರೆಗೆ ಇಟ್ಟುಕೊಳ್ಳುತ್ತಾರೆ, ತಾರೀಖು ಬದಲಾದರೆ ಕಾರ್ಡಿನ ಮಿತಿ ಮತ್ತೆ ತೆರೆಯುತ್ತದಲ್ಲ. ಅಂಥ ಹೊತ್ತಿನಲ್ಲಿ ಎದುರು ಬೀಳಬಾರದು, ಕೇಳಿದ್ದನ್ನು ಕೊಟ್ಟುಬಿಡಬೇಕು. ಫೋನು ಉಳಿಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ.

ಒಂದು ಮಾತಿಗೆ ನೀವು ಬೇಜಾರು ಮಾಡಿಕೊಳ್ಳಬಾರದು. ನಿಮ್ಮ ಮಗಳ ಕೊರಳಲ್ಲಿ ಚಿನ್ನದ ಸರ ಇದೆಯೇ? ಬೋಳು ಕೊರಳಲ್ಲಿ ಇರಬಾರದು ಎಂದು ನೀವೇ ಹಾಕಿ ಕಳಿಸಿರುತ್ತೀರಿ. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಹಾಗೇ. ಅದನ್ನು ತೆಗೆದಿಡು ಎಂದು ನೀವು ಹೇಳಿದರೆ ಮಾತ್ರ ಅವಳು ಮನಸ್ಸು ಒಪ್ಪಿ ತೆಗೆಯುತ್ತಾಳೆ. ಬೈಕಿನ ಸದ್ದು ಕೇಳಿದರೆ ಸೆರಗು ಎಳೆದು ಸರ ಮುಚ್ಚಿಕೊಳ್ಳುವ ವಿದ್ಯೆ ನಮ್ಮ ಹೆಂಗಸರಿಗೆ ಗೊತ್ತಿದೆ. ಸರಗಳ್ಳರ ಕಾಟದಲ್ಲಿ ಕಲಿತದ್ದು ಅದು. ಆ ಜಾಣತನವನ್ನು ಮಕ್ಕಳ ಚೀಲಕ್ಕೆ ಹಾಕಿ ಕಳಿಸಬೇಕಾದ ಹೊತ್ತಿನಲ್ಲಿ ಫೋನ್ ಇಟ್ಟರೆ ಹೇಗೆ?

ನನ್ನ ನೋವು ಕೊಲಂಬಿಯಾದ್ದಲ್ಲ, ನಮ್ಮ ಮನೆಗಳದ್ದು. ಮಕ್ಕಳು ಸುಳ್ಳು ಹೇಳಿ ಹೊರಡುವುದನ್ನು ಕಲಿಯುವುದು ಹತ್ತನೇ ಕ್ಲಾಸಿನಿಂದಲೇ. ಕಂಬೈನ್ಡ್ ಸ್ಟಡಿ ಎಂದು ಹೇಳಿ ಫಾಲ್ಸ್‌ಗೆ ಹೋಗುತ್ತಾರೆ. ಪ್ರತಿ ಮಳೆಗಾಲದಲ್ಲೂ ಪೇಪರಿನಲ್ಲಿ ಅಲ್ಲಿ ಮುಳುಗಿದವರ ಸುದ್ದಿ ಬರುತ್ತದೆ, ಮಗ ಎಲ್ಲಿಗೆ ಹೋಗಿದ್ದ ಎಂದು ತಂದೆ ತಾಯಿಗೆ ಮೊದಲು ಹೇಳುವುದು ಪೊಲೀಸರು. ಸಂಪಾದಕನಾಗಿ ಆ ಸುದ್ದಿ ತಿದ್ದುವಾಗೆಲ್ಲ ನನಗೆ ಅನ್ನಿಸುತ್ತದೆ, ಆ ನೀರಿನ ಆಳ ಗೊತ್ತಿದ್ದ ಒಬ್ಬ ಚಿಕ್ಕಪ್ಪನೋ ಮಾವನೋ ಮನೆಯಲ್ಲಿ ಇದ್ದೇ ಇದ್ದ, ಅವನನ್ನು ಕೇಳುವ ದಾರಿಯೇ ಆ ಹುಡುಗನಿಗೆ ಇರಲಿಲ್ಲ. ಹಾಸ್ಟೆಲಿನ ಗೇಟು ಎಂಟಕ್ಕೆ ಹಾಕಿ ಹೆಣ್ಣುಮಕ್ಕಳನ್ನು ಕಾಪಾಡಿದೆವು ಅಂದುಕೊಳ್ಳುತ್ತೇವೆ. ಗಂಡುಮಕ್ಕಳಿಗಂತೂ ಎಚ್ಚರ ಹೇಳುವವರೇ ಇಲ್ಲ. ಮೆಡೆಯಿನ್‌ನ ಆ್ಯಪ್ ಬಲೆಗೆ ಬೀಳುತ್ತಿರುವವರಲ್ಲಿ ಗಂಡಸರೇ ಜಾಸ್ತಿ, ನೋಡಿ. ಅವರಲ್ಲಿ ಎಷ್ಟೋ ಜನ ನಾಚಿಕೆಯಿಂದ ದೂರು ಕೊಡುವುದಿಲ್ಲ, ಕಳ್ಳರಿಗೆ ಆ ನಾಚಿಕೆಯೇ ಬಂಡವಾಳ.

ನಿಮ್ಮ ಮಗಳು ಇನ್ನೂ ನಿಮಗೆ ನಿಜ ಹೇಳುತ್ತಿದ್ದಾಳೆ. ಎಲ್ಲಿಗೆ, ಯಾರ ಜೊತೆ, ಯಾವಾಗ, ಎಲ್ಲ ಹೇಳಿದ್ದಾಳೆ. ಇದನ್ನು ಸಂಪಾದಿಸಿದ್ದು ನೀವೇ, ಇಪ್ಪತ್ತಾರು ವರ್ಷ ಸಾಕಿ. ಇವತ್ತೇ ಫೋನ್ ಮಾಡಿ. ಹೋಗಬೇಡ ಅನ್ನುವ ಹಕ್ಕು ನಿಮಗಿದೆ, ಇನ್ನೊಮ್ಮೆ ಹೇಳಿ ನೋಡಿ. ಕೇಳದಿದ್ದರೆ ಹೋಟೆಲಿನ ಹೆಸರು, ವಿಮಾನದ ನಂಬರು, ಇಬ್ಬರು ಗೆಳತಿಯರ ಫೋನ್ ನಂಬರು ಬರೆದುಕೊಳ್ಳಿ. ಅಲ್ಲಿ ಪೊಲೀಸರಿಗೆ, ಆಂಬುಲೆನ್ಸಿಗೆ 123, ಅದನ್ನೂ ಪಕ್ಕದಲ್ಲಿ ಬರೆದಿಡಿ. ಏನೇ ಆದರೂ, ಕುಡಿದು ಆಗಿದ್ದರೂ, ಯಾರ ಜೊತೆ ಇದ್ದಾಗ ಆಗಿದ್ದರೂ, ಮೊದಲು ನನಗೆ ಹೇಳು, ಬೈಯುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿ.

ಕೊಲಂಬಿಯಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವರು ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದರೆ ದಾವಣಗೆರೆಯಲ್ಲಿ ಬೆಳಿಗ್ಗೆ ಏಳೂವರೆ, ನೀವು ಕಾಫಿ ಕುಡಿಯುವ ಹೊತ್ತು. ‘ಬಂದೆ ಅಮ್ಮ’ ಎಂದು ಒಂದು ಮೆಸೇಜ್ ಆ ಹೊತ್ತಿಗೆ ಬರಲಿ ಎಂದು ಮಾತಾಡಿಕೊಳ್ಳಿ.

– ಸಂಪಾದಕ