ಪ್ರತಿಕ್ರಿಯೆ: ಸೇವ್ ಮಾಡಿದ ಅರ್ಜಿ ಎಲ್ಲಿ ಹೋಯ್ತು?

ಪರದೆ ಮೇಲಿರೋದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಬಳಸಿ ವರ್ಡ್‌ನಲ್ಲಿ ಬರೆದ ಅರ್ಜಿ ಸೇವ್ ಮಾಡಿದ ಮೇಲೆ ಸಿಗ್ತಿಲ್ಲ, ನಾಳೆ ಮಂಡ್ಯದಲ್ಲಿ ಕೊಡಬೇಕು ಅಂದಿರಲ್ಲ, ಗಾಬರಿಯಾಗಬೇಡಿ. ಬಹುಶಃ ಅದು ಅಳಿಸಿಹೋಗಿಲ್ಲ, ಬೇರೆ ಫೋಲ್ಡರ್‌ನಲ್ಲಿ ಕೂತಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ‘ರೀಸೆಂಟ್’ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಈಚೆಗೆ ತೆರೆದ ಫೈಲುಗಳ ಪಟ್ಟಿ ಬರುತ್ತೆ, ಬಾಣದ ಕೀ ಒತ್ತುತ್ತಾ ಕೇಳಿಸಿಕೊಳ್ಳಿ.

ನೀವು ಹೆಸರು ಕೊಡದಿದ್ದರೆ ಸಾಮಾನ್ಯವಾಗಿ ವರ್ಡ್ ಮೊದಲ ಸಾಲನ್ನೇ ಹೆಸರು ಮಾಡಿಬಿಡುತ್ತೆ. ಮೈಸೂರಲ್ಲಿ ಕೂತು ನಾನು ಅರ್ಧ ದಿನ ‘ಬಾಡಿಗೆ ಕರಾರು’ ಹುಡುಕಿದೆ. ಅದು ‘ಇವರಿಗೆ’ ಅನ್ನೋ ಹೆಸರಲ್ಲಿ ಆರಾಮಾಗಿತ್ತು!

ಪಟ್ಟಿಯಲ್ಲಿ ಸಿಗೋದು ಶಾರ್ಟ್‌ಕಟ್ ಮಾತ್ರ. ಅದರ ಮೇಲೆ ಶಿಫ್ಟ್ ಎಫ್10 ಒತ್ತಿ ‘ಓಪನ್ ಫೈಲ್ ಲೊಕೇಶನ್’ ಆರಿಸಿದರೆ ಅಸಲಿ ಜಾಗ ತೆರೆಯುತ್ತೆ. ಇನ್ಮುಂದೆ ಹೊಸ ಫೈಲಿಗೆ ಎಫ್12 ಒತ್ತಿ, ಹೆಸರು, ಫೋಲ್ಡರ್ ಎರಡನ್ನೂ ಕೇಳಿಸಿಕೊಂಡೇ ಎಂಟರ್ ಕೊಡಿ.